ಹಸಿ ಕಾಂಕ್ರೀಟ್ ಮಟ್ಟ ಮಾಡಲು ಯಾವ ಸ್ಕ್ರೀಡ್? ಮರದ ಹಲಗೆಯಿಂದ ಲೇಸರ್‌ವರೆಗೆ ಒಂದು ಹೋಲಿಕೆ

ಹಸಿ ಕಾಂಕ್ರೀಟಿನ ಮೇಲೆ ಎಳೆದು ಹೆಚ್ಚಿನದನ್ನು ಕೊಯ್ದು ಮಟ್ಟ ಮಾಡುವ ಹಲಗೆ, ಪಟ್ಟಿ ಅಥವಾ ಯಂತ್ರವೇ ಸ್ಕ್ರೀಡ್. ಕಾಂಕ್ರೀಟ್ ನೆಲ ಏರುಪೇರಾದರೆ ಮೊದಲು ಬೈಸಿಕೊಳ್ಳುವುದು ಈ ಹಲಗೆ. ಮಧ್ಯೆ ತಗ್ಗು, ಅಂಚಲ್ಲಿ ಉಬ್ಬು, ಮೂಲೆಯಲ್ಲಿ ನಿಂತ ನೀರು ಕಂಡ ಕೂಡಲೇ "ಇನ್ನು ಮೆಷಿನ್ ತಗೊಳ್ಳೋಣ" ಎಂಬ ಮಾತು ಬರುತ್ತದೆ. ಮೆಷಿನ್ ತಗೊಳ್ಳುವುದು ತಪ್ಪಲ್ಲ. ಆದರೆ ಆ ಹಲಗೆ ಯಾವುದರ ಮೇಲೆ ಕೂತು ಓಡಿತ್ತು ಎಂದು ಕೇಳುವವರು ಕಡಿಮೆ. ಅಂಚಿನ ಸೆಂಟ್ರಿಂಗ್ ಹಲಗೆ 8 ಮಿಲಿಮೀಟರ್ ಕುಸಿದಿದ್ದರೆ, ಅದರ ಮೇಲೆ ಮರದ ಪಟ್ಟಿ ಎಳೆದರೂ ನೆಲ 8 ಮಿಲಿಮೀಟರ್ ತಗ್ಗು, ಎಂಜಿನ್ ಇರುವ ಸ್ಕ್ರೀಡ್ ಎಳೆದರೂ ಅಷ್ಟೇ ತಗ್ಗು. ಎರಡನೆಯದು ಬೇಗ ಆಗುತ್ತದೆ, ಅಷ್ಟೇ.

ಹಾಗಾಗಿ ಈ ಹೋಲಿಕೆಯಲ್ಲಿ ನನ್ನ ಪಕ್ಷಪಾತ ಮೊದಲೇ ಹೇಳಿಬಿಡುತ್ತೇನೆ. ಕೈಯಲ್ಲಿ ಸ್ವಲ್ಪ ದುಡ್ಡು ಇದ್ದರೆ ಮೊದಲು ಆಧಾರಕ್ಕೆ, ಅಂದರೆ ಪಟ್ಟಿ ಯಾವುದರ ಮೇಲೆ ಓಡುತ್ತದೋ ಅದಕ್ಕೆ ಹಾಕಿ, ಆಮೇಲೆ ಪಟ್ಟಿಗೆ, ಎಂಜಿನ್ನಿಗೆ ಕೊನೆಗೆ.

ನಿಮ್ಮ ನೆಲದ ಕಾಯಿಲೆ ಯಾವುದು?

ನೆಲ ಕೆಡುವುದು ಎರಡು ತರ. ಒಂದು, ಒಟ್ಟಾರೆ ಎತ್ತರವೇ ತಪ್ಪಿರುವುದು: ಈ ಗೋಡೆಯಿಂದ ಆ ಗೋಡೆಗೆ 20 ಮಿಲಿಮೀಟರ್ ಇಳಿಜಾರು, ಆದರೆ ಮೇಲ್ಮೈ ನುಣುಪಾಗಿ ನೇರವಾಗಿದೆ. ಇನ್ನೊಂದು, ಎತ್ತರ ಸರಿ ಇದ್ದೂ ಅಲೆ ಅಲೆಯಾಗಿರುವುದು. ಕುರ್ಚಿ ಇಟ್ಟರೆ ಅಲುಗುತ್ತದೆ, ಟೈಲ್ಸ್ ಹಾಕುವವರು ಗೊಣಗುತ್ತಾರೆ.

ಕಂಡುಹಿಡಿಯುವುದು ಸುಲಭ. 3 ಮೀಟರ್ ಉದ್ದದ ನೇರ ಪಟ್ಟಿಯನ್ನು ನೆಲದ ಮೇಲೆ ಅಲ್ಲಲ್ಲಿ ಇಟ್ಟು ಅಡಿಯ ಸಂದು ನೋಡಿ. 3 ಮಿಲಿಮೀಟರ್ ಒಳಗಿದ್ದರೆ ತುಂಬಾ ಒಳ್ಳೆಯ ನೆಲ. 6ರ ಆಸುಪಾಸು ಸಾಮಾನ್ಯ. 10 ದಾಟಿದರೆ ಕೆಲಸದಲ್ಲಿ ಎಲ್ಲೋ ಎಡವಟ್ಟಾಗಿದೆ. ಎತ್ತರದ ಲೆಕ್ಕಕ್ಕೆ ಪಟ್ಟಿ ಸಾಲದು, ಲೇಸರ್ ಲೆವೆಲ್ಲೋ ನೀರಿನ ಟ್ಯೂಬ್ ಲೆವೆಲ್ಲೋ ಬೇಕು.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಎತ್ತರ ತೀರ್ಮಾನವಾಗುವುದು ಮೊದಲ ಎಳೆತದಲ್ಲೇ. ಹೆಚ್ಚುವರಿ ಕಾಂಕ್ರೀಟನ್ನು ಪಟ್ಟಿಯಿಂದ ಕೊಯ್ದು ತೆಗೆಯುವ ಆ ಹಂತ ಮುಗಿದ ಮೇಲೆ ಮೇಲ್ಮೈ ನುಣುಪು ಮಾಡುವ ಬುಲ್ ಫ್ಲೋಟ್, ಪವರ್ ಟ್ರೋವೆಲ್ ಏನೇ ತಂದರೂ 20 ಮಿಲಿಮೀಟರ್ ಇಳಿಜಾರು ಸರಿಯಾಗುವುದಿಲ್ಲ. ಅಲೆಗಳ ಕಥೆ ಬೇರೆ. ಅವನ್ನು ಎಳೆತದ ನಂತರವೂ, ಕಾಂಕ್ರೀಟ್ ಇನ್ನೂ ಮೆತ್ತಗಿರುವಾಗ, ಉದ್ದನೆಯ ನೇರ ಪಟ್ಟಿಯಿಂದ ಕೊಯ್ದು ಸರಿಪಡಿಸಬಹುದು. ಎತ್ತರ ತಪ್ಪುತ್ತಿದ್ದರೆ ಆಧಾರ ಬದಲಿಸಿ. ಅಲೆ ಬರುತ್ತಿದ್ದರೆ ಪಟ್ಟಿ ನೋಡಿ, ನಂತರದ ಉಪಕರಣ ನೋಡಿ. ಎರಡೂ ಸರಿ ಇದ್ದು ಬೆನ್ನು ಮಾತ್ರ ಹೋಗುತ್ತಿದ್ದರೆ ಆಗ ಎಂಜಿನ್ ಕೊಳ್ಳುವುದಕ್ಕೆ ಅರ್ಥವಿದೆ.

ಆಧಾರ: ಹಳಿ, ಪೈಪು, ಗುಡ್ಡೆ, ಲೇಸರ್

ಅಂಚಿನ ಹಲಗೆಗಳ ಮೇಲೇ ಪಟ್ಟಿ ಓಡಿಸುವುದು ಎಲ್ಲಕ್ಕಿಂತ ಸರಳ. ಅಗಲ 3 ಮೀಟರ್ ಒಳಗಿದ್ದರೆ ಇದಕ್ಕಿಂತ ಬೇರೆ ಬೇಡ. ಗೂಟಗಳು ಒತ್ತೊತ್ತಾಗಿರಲಿ. ಕಾಂಕ್ರೀಟ್ ಸುರಿದ ಮೇಲೆ ಹಲಗೆ ಹೊರಕ್ಕೆ ತಳ್ಳಿಕೊಳ್ಳುತ್ತದೆ, ಮೇಲೆ ಯಾರಾದರೂ ಕಾಲಿಟ್ಟರೆ ಕೆಳಕ್ಕೂ ಇಳಿಯುತ್ತದೆ. ದಾರ ಕಟ್ಟಿ ನೋಡುವ ಕೆಲಸವನ್ನು ಸುರಿಯುವ ಮೊದಲು ಒಂದು ಸಲ, ನಡುವೆ ಇನ್ನೊಂದು ಸಲ ಮಾಡಿ.

ಅಗಲ ಜಾಸ್ತಿಯಾದರೆ ಮಧ್ಯೆ ಕಬ್ಬಿಣದ ಪೈಪನ್ನೋ ಚೌಕ ಸೆಕ್ಷನ್ನನ್ನೋ ಕಾಲುಗಳ ಮೇಲೆ ಕೂರಿಸಿ ಹಳಿ ಮಾಡಿಕೊಳ್ಳಬೇಕು. ನಿಖರತೆ ಚೆನ್ನಾಗಿ ಬರುತ್ತದೆ. ತಲೆನೋವು ಅಂದರೆ, ಎಳೆದ ಮೇಲೆ ಪೈಪು ಕಿತ್ತು ಆ ತೋಡನ್ನು ಹೊಸ ಕಾಂಕ್ರೀಟಿನಿಂದ ತುಂಬಬೇಕು. ತಡ ಮಾಡಿದರೆ ಆ ಗೆರೆ ಬೇರೆಯಾಗೇ ಉಳಿಯುತ್ತದೆ, ಅಲ್ಲೇ ತಗ್ಗು ಬೀಳುತ್ತದೆ.

ಮೂರನೆಯದು ಗುಡ್ಡೆ ಪದ್ಧತಿ. ಕಾಂಕ್ರೀಟಿನಿಂದಲೇ ಸಣ್ಣ ಗುಡ್ಡೆಗಳನ್ನು ಮಾಡಿ, ಲೇಸರ್ ರಿಸೀವರ್ (ಲೇಸರ್ ಕಿರಣ ಹಿಡಿದು ಎತ್ತರ ತೋರಿಸುವ ಸಾಧನ) ಕಟ್ಟಿದ ಕೋಲಿನಿಂದ ಒಂದೊಂದನ್ನೂ ಸರಿ ಎತ್ತರಕ್ಕೆ ತಟ್ಟಿ, ಅವುಗಳ ನಡುವೆ ಪಟ್ಟಿ ಎಳೆದು ಉದ್ದನೆಯ ಆಧಾರದ ಸಾಲು ಮಾಡುವುದು. ಆಮೇಲೆ ಅಂಥ ಎರಡು ಸಾಲುಗಳ ಮೇಲೆ ಪಟ್ಟಿ ಇಟ್ಟು ನಡುವಿನದನ್ನು ಕೊಯ್ಯುವುದು. ಕೀಳುವ ಪೈಪಿಲ್ಲ, ತುಂಬುವ ತೋಡಿಲ್ಲ. ಅನುಭವಿ ತಂಡಕ್ಕೆ ಇದು ತುಂಬಾ ವೇಗದ ಪದ್ಧತಿ. ಆದರೆ ಪಟ್ಟಿ ಹಿಡಿದವರು ಒಂಚೂರು ಭಾರ ಬಿಟ್ಟರೂ ಹಸಿ ಸಾಲಿನೊಳಗೆ ಅದು ಮುಳುಗುತ್ತದೆ. ಹೊಸಬರ ಕೈಯಲ್ಲಿ ಈ ಪದ್ಧತಿ ಅಲೆಗಳ ಕಾರ್ಖಾನೆ.

ಸುತ್ತಲೂ ಒಂದೇ ಮಟ್ಟದಲ್ಲಿ ಕಿರಣ ಬೀರುವ ತಿರುಗುವ ಲೇಸರ್ ಬಗ್ಗೆ ಒಂದು ಮಾತು. ಸಾಧಾರಣವಾಗಿ ಒಳ್ಳೆಯ ಲೇಸರ್‌ಗಳು 30 ಮೀಟರ್ ದೂರಕ್ಕೆ ಒಂದೂವರೆ ಮಿಲಿಮೀಟರ್ ಆಸುಪಾಸಿನ ನಿಖರತೆ ಹೇಳುತ್ತವೆ. ಅದು ಸ್ಟ್ಯಾಂಡ್ ಅಲುಗದಿದ್ದರೆ ಮಾತ್ರ. ಪಕ್ಕದಲ್ಲಿ ಕಾಂಕ್ರೀಟ್ ಲಾರಿ ಓಡಾಡುವ ಮೆತ್ತನೆ ಮಣ್ಣಿನ ಮೇಲೆ ಸ್ಟ್ಯಾಂಡ್ ಇಟ್ಟರೆ ಯಾವ ನಿಖರತೆಯೂ ಉಳಿಯುವುದಿಲ್ಲ. ಗೋಡೆಯ ಮೇಲೋ ಕಂಬದ ಮೇಲೋ ಒಂದು ಗುರುತು ಹಾಕಿಟ್ಟು ಆಗಾಗ ಅದರ ಜೊತೆ ತಾಳೆ ನೋಡುತ್ತಿರಿ. ಟ್ಯೂಬ್ ಲೆವೆಲ್ ಬಳಸುವವರು ಕೊಳವೆಯಲ್ಲಿ ಗಾಳಿಗುಳ್ಳೆ ಇಲ್ಲ ಎಂದು ಖಾತ್ರಿ ಮಾಡಿಕೊಂಡರೆ ಸಾಕು. ಅದು ಇವತ್ತಿಗೂ ನಂಬಿಕಸ್ಥ ಉಪಕರಣವೇ.

ಕೈಪಟ್ಟಿಗಳು: ಮರ, ಅಲ್ಯೂಮಿನಿಯಂ, ಮೆಗ್ನೀಸಿಯಂ

ಮರದ ಹಲಗೆಗೆ ಒಂದು ದೊಡ್ಡ ಗುಣವಿದೆ: ಸೈಟಿನಲ್ಲೇ ಸಿಗುತ್ತದೆ, ಬೇಕಾದ ಉದ್ದಕ್ಕೆ ಕೊಯ್ದುಕೊಳ್ಳಬಹುದು. ಉಳಿದದ್ದೆಲ್ಲ ತೊಂದರೆ. ನೀರು ಕುಡಿದು ಭಾರವಾಗುತ್ತದೆ, ಬಿಸಿಲಿಗೆ ಒಣಗಿ ಬಾಗುತ್ತದೆ. ಮೊನ್ನೆ ನೇರವಿದ್ದ ಹಲಗೆ ಇವತ್ತೂ ನೇರ ಇದೆ ಎಂದು ನಂಬುವಂತಿಲ್ಲ. ಇನ್ನೊಂದು ಸವೆತ ಕಣ್ಣಿಗೆ ಬೀಳುವುದೇ ಇಲ್ಲ. ಹಲಗೆಯ ಎರಡು ತುದಿಗಳು ಹಳಿಯ ಮೇಲೆ ಉಜ್ಜಿ ಉಜ್ಜಿ ಅಲ್ಲಿ ತೋಡು ಬೀಳುತ್ತದೆ. ಆ ತೋಡಿನಷ್ಟು ಹಲಗೆ ಕೆಳಗೆ ಕೂರುತ್ತದೆ, ನೆಲವೂ ಅಷ್ಟೇ ತಗ್ಗಾಗುತ್ತದೆ. ಮರವನ್ನೇ ಬಳಸುವುದಾದರೆ ತುದಿಗಳಿಗೆ ಕಬ್ಬಿಣದ ಪಟ್ಟಿ ಹೊಡೆಯಿರಿ. ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ದೊಡ್ಡ ಸುಧಾರಣೆ ಇಲ್ಲ.

ಅಲ್ಯೂಮಿನಿಯಂ ಬಾಕ್ಸ್ ಸೆಕ್ಷನ್ ಬಹುಪಾಲು ಕೆಲಸಕ್ಕೆ ಸರಿಯಾದ ಆಯ್ಕೆ. ಬಾಗುವುದು ಕಡಿಮೆ, ತೊಳೆದರೆ ಸ್ವಚ್ಛ, ಮೂರು ಮೀಟರ್ ಪಟ್ಟಿಯನ್ನು ಒಬ್ಬರೇ ಎತ್ತಿಕೊಂಡು ಹೋಗಬಹುದು. ಕೊಳ್ಳುವಾಗ ಗೋಡೆಯ ದಪ್ಪ ನೋಡಿ. ಪ್ಲಾಸ್ಟರಿಂಗ್‌ಗೆ ಬಳಸುವ ತೆಳು ಪಟ್ಟಿ ಕಾಂಕ್ರೀಟಿನ ಭಾರಕ್ಕೆ ಬಳುಕುತ್ತದೆ. ತುದಿಗಳಿಗೆ ಮುಚ್ಚಳ ಇರಲೇಬೇಕು. ಇಲ್ಲದಿದ್ದರೆ ಒಳಗೆ ಕಾಂಕ್ರೀಟ್ ಹೊಕ್ಕು ಗಟ್ಟಿಯಾಗಿ, ಕೆಲವು ತಿಂಗಳಲ್ಲಿ ಹಗುರ ಪಟ್ಟಿ ಹೊರೆಯಾಗುತ್ತದೆ.

ಮೆಗ್ನೀಸಿಯಂ ಇನ್ನೂ ಹಗುರ. ಅದರ ಸಾಂದ್ರತೆ ಘನ ಸೆಂಟಿಮೀಟರ್‌ಗೆ 1.74 ಗ್ರಾಂ, ಅಲ್ಯೂಮಿನಿಯಂದು 2.7, ಉಕ್ಕಿನದು 7.85. ದಿನವಿಡೀ ಎಳೆಯುವವರಿಗೆ ಈ ವ್ಯತ್ಯಾಸ ಸಂಜೆ ಹೊತ್ತಿಗೆ ತೋಳಲ್ಲಿ ಗೊತ್ತಾಗುತ್ತದೆ. ವರ್ಷಕ್ಕೆ ನಾಲ್ಕಾರು ಸಲ ಕಾಂಕ್ರೀಟ್ ಹಾಕುವವರು ಇದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಿಲ್ಲ.

ಯಾವ ಪಟ್ಟಿಯಾದರೂ ನೇರ ಇದೆಯೇ ಎಂದು ನೋಡುವ ವಿಧಾನ ಒಂದೇ. ಸಮ ನೆಲದ ಮೇಲೆ ಇಟ್ಟು ಅಂಚಿನ ಗುಂಟ ಪೆನ್ಸಿಲ್ ಗೆರೆ ಎಳೆಯಿರಿ. ಪಟ್ಟಿಯನ್ನು ಗೆರೆಯ ಆ ಕಡೆಗೆ ಮಗುಚಿ, ಅದೇ ಅಂಚನ್ನು ತುದಿಗಳಲ್ಲಿ ಗೆರೆಗೆ ಕೂಡಿಸಿ ಮತ್ತೆ ಎಳೆಯಿರಿ. ಎರಡೂ ಒಂದೇ ಗೆರೆಯಾದರೆ ಪಟ್ಟಿ ನೇರ. ನಡುವೆ ಸಂದು ಕಂಡರೆ ಅದರ ಅರ್ಧದಷ್ಟು ಪಟ್ಟಿ ಬಾಗಿದೆ ಎಂದರ್ಥ. ಅಂಗಡಿಯಲ್ಲೇ ಮಾಡಿ ನೋಡಬಹುದು, ಯಾರೂ ಬೇಡ ಅನ್ನುವುದಿಲ್ಲ.

ಉದ್ದ ಎಷ್ಟಿರಬೇಕು? ಹಳಿಯಿಂದ ಹಳಿಗೆ ಇರುವ ಅಗಲಕ್ಕಿಂತ ಎರಡೂ ಕಡೆ 30 ಸೆಂಟಿಮೀಟರ್ ಜಾಸ್ತಿ ಇರಲಿ. ಪಟ್ಟಿಯನ್ನು ಗರಗಸದಂತೆ ಆ ಕಡೆ ಈ ಕಡೆ ಆಡಿಸುತ್ತಾ ಹಿಂದಕ್ಕೆ ಎಳೆಯಬೇಕಲ್ಲ, ತುದಿ ಹಳಿಯಿಂದ ಜಾರಬಾರದು.

ಈಗ ಭಾರದ ಲೆಕ್ಕ ನೋಡಿ. ಪಟ್ಟಿಯ ಮುಂದೆ ಕಾಂಕ್ರೀಟ್ ಉರುಳೆಯಂತೆ ಸುತ್ತಿಕೊಂಡು ಬರುತ್ತದೆ. ಅದು 3 ಮೀಟರ್ ಉದ್ದ, 10 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಎತ್ತರ ಇದ್ದರೆ, ಘನ ಮೀಟರ್‌ಗೆ 2400 ಕೆಜಿ ಲೆಕ್ಕದಲ್ಲಿ ಸುಮಾರು 36 ಕೆಜಿ. ಇಬ್ಬರು ಆರಾಮಾಗಿ ಎಳೆಯುತ್ತಾರೆ. ಸಲಿಕೆಯವರು ಬೇಕಾಬಿಟ್ಟಿ ಸುರಿದು ಆ ಉರುಳೆಯ ಅಗಲ, ಎತ್ತರ ಎರಡೂ ಇಮ್ಮಡಿಯಾದರೆ? 144 ಕೆಜಿ. ಎಳೆಯುವವರು ಹಿಂದಕ್ಕೆ ವಾಲುತ್ತಾರೆ, ಪಟ್ಟಿ ಮೇಲಕ್ಕೇಳುತ್ತದೆ, ಅಲ್ಲೊಂದು ಉಬ್ಬು ಹುಟ್ಟುತ್ತದೆ. ಸ್ಕ್ರೀಡ್ ಸರಿಯಿಲ್ಲ ಎಂದು ಕೇಳಿಬರುವ ದೂರುಗಳಲ್ಲಿ ಎಷ್ಟೋ ನಿಜವಾಗಿ ಸಲಿಕೆಯ ದೂರುಗಳು. ಒಂದಿಂಚು ಹೆಚ್ಚು ಇರುವ ಹಾಗೆ ಮುಂದೆಯೇ ಹರಡಿಟ್ಟರೆ ಹಳೆ ಪಟ್ಟಿಯೂ ಹೊಸದರಂತೆ ಕೆಲಸ ಮಾಡುತ್ತದೆ. ಹರಡಲು ಹಲ್ಲಿರುವ ತೋಟದ ಕುಂಟೆ ಬೇಡ, ಅದು ಜಲ್ಲಿಯನ್ನು ಬೇರ್ಪಡಿಸುತ್ತದೆ. ಅಗಲ ಬಾಯಿಯ, ಹಲ್ಲಿಲ್ಲದ ಎಳೆಸಲಿಕೆ ಸರಿ.

ಪಟ್ಟಿಗೆ ಹಿಡಿಕೆ ಹಾಕಿಸುವುದು ಇನ್ನೊಂದು ಸಣ್ಣ ಖರ್ಚಿನ ಸುಧಾರಣೆ. ಸೊಂಟದೆತ್ತರಕ್ಕೆ ಬರುವ ಎರಡು ಹಿಡಿಕೆಗಳನ್ನು ಬೋಲ್ಟ್ ಹಾಕಿ ಕೂರಿಸಿದರೆ ನಿಂತೇ ಎಳೆಯಬಹುದು. ಬೋಲ್ಟಿನ ತೂತುಗಳಿಂದ ನೀರು ಒಳಹೋಗದಂತೆ ವಾಷರ್ ಹಾಕಿಸಿ. ನಿಂತು ಎಳೆಯುವಾಗ ಕೆಳಗಿನ ಅಂಚು ಕಾಣುವುದು ಕಡಿಮೆ. ಹಾಗಾಗಿ ತಗ್ಗು ತೋರಿಸಿ ತುಂಬಲು ಮೂರನೆಯವರೊಬ್ಬರು ಬೇಕಾಗುತ್ತದೆ.

ವೈಬ್ರೇಟಿಂಗ್ ಸ್ಕ್ರೀಡ್

ಎಲ್ಲರ ಕಣ್ಣು ಬೀಳುವುದು ಇದರ ಮೇಲೆ. ಉದ್ದನೆಯ ಬ್ಲೇಡು, ಮೇಲೆ 35 ಸಿಸಿ ಆಸುಪಾಸಿನ ಸಣ್ಣ ಫೋರ್ ಸ್ಟ್ರೋಕ್ ಎಂಜಿನ್ನೋ ಬ್ಯಾಟರಿ ಮೋಟಾರೋ, ಅದಕ್ಕೊಂದು ಒಂದೇ ಬದಿಗೆ ತೂಕ ಹೆಚ್ಚಿರುವ ಚಕ್ರ. ಚಕ್ರ ತಿರುಗಿದರೆ ಬ್ಲೇಡು ನಡುಗುತ್ತದೆ. ನಡುಗಿದ ಕಡೆ ಕಾಂಕ್ರೀಟ್ ಸಡಿಲವಾಗಿ ಬ್ಲೇಡಿನಡಿ ಜಾರುತ್ತದೆ. ಎಳೆಯುವ ಶ್ರಮ ಅರ್ಧಕ್ಕಿಂತ ಕಡಿಮೆ ಅನಿಸುತ್ತದೆ. ಒಬ್ಬರೇ ನಿಂತು ಹಿಂದಕ್ಕೆ ನಡೆಯುತ್ತಾ ಎಳೆಯಬಹುದು. ಬೆನ್ನಿನ ದೃಷ್ಟಿಯಿಂದ ಇದಕ್ಕೆ ಪೂರ್ತಿ ಅಂಕ.

ಆದರೆ ಈ ಹಗುರ ಮಾದರಿಯನ್ನು ತಂದ ಹೊಸಬರಿಗೆ ಮೊದಲ ಆಘಾತ: ಇದಕ್ಕೆ ತಾನಾಗಿ ಎತ್ತರ ಗೊತ್ತಿಲ್ಲ. ಗುಡ್ಡೆ ಸಾಲಿನ ಮೇಲೆ ಓಡಿಸಿದರೆ ಸಾಲು ಎಷ್ಟು ಸರಿಯೋ ನೆಲವೂ ಅಷ್ಟೇ ಸರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇಲ್ಲಿ ಮಾತ್ರ ಅವಳ ಮಾತು ನಿಜ, ಡೊಂಕು ಆಧಾರದ್ದೇ. ಹಿಡಿಕೆಗೆ ಲೇಸರ್ ರಿಸೀವರ್ ಕಟ್ಟಿಕೊಳ್ಳುವ ಸೌಲಭ್ಯ ಕೆಲವು ಮಾದರಿಗಳಲ್ಲಿದೆ. ಅದು ಇದ್ದರೆ ಬೆಲೆ ಜಾಸ್ತಿಯಾದರೂ ಯೋಚಿಸಬಹುದು.

ಎರಡನೆಯದು ಕಾಂಕ್ರೀಟಿನ ಹದ. ಸ್ಲಂಪ್ (ಶಂಕುವಿನಾಕಾರದ ಅಚ್ಚು ಎತ್ತಿದಾಗ ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆ ಎಂಬ ಅಳತೆ) 75ರಿಂದ 100 ಮಿಲಿಮೀಟರ್ ಇದ್ದರೆ ಈ ಯಂತ್ರ ಖುಷಿಯಾಗಿರುತ್ತದೆ. ತುಂಬಾ ತೆಳುವಾಗಿದ್ದರೆ ನಡುಕಕ್ಕೆ ಜಲ್ಲಿ ಕೆಳಗಿಳಿದು ಸಿಮೆಂಟ್ ಹಾಲು ಮೇಲೆ ಬರುತ್ತದೆ. ನೋಡಲು ನುಣ್ಣಗೆ, ಒಣಗಿದ ಮೇಲೆ ಮೇಲ್ಮೈ ಬಲಹೀನ. ಪುಡಿ ಉದುರುತ್ತದೆ, ಸಣ್ಣ ಬಿರುಕು ಬಿಡುತ್ತದೆ. ತೆಳು ಕಾಂಕ್ರೀಟ್ ಸಿಗುವ ಕಡೆ ನಾನಾದರೆ ಅಲ್ಯೂಮಿನಿಯಂ ಪಟ್ಟಿಯನ್ನೇ ಹಿಡಿಯುತ್ತೇನೆ.

ಮೂರನೆಯದು ನಿಲ್ಲುವುದು. ಎಂಜಿನ್ ಓಡುತ್ತಿರುವಾಗ ಬ್ಲೇಡು ಒಂದೇ ಜಾಗದಲ್ಲಿ ನಿಂತರೆ ಅಲ್ಲಿ ಅದರ ಉದ್ದಕ್ಕೂ ಒಂದು ತೋಡು ಬೀಳುತ್ತದೆ. ಮುಂದೆ ಕಾಂಕ್ರೀಟ್ ಬರಲು ತಡವಾದರೆ ಮೊದಲು ಕಂಪನ ನಿಲ್ಲಿಸಿ, ಆಮೇಲೆ ಫೋನ್ ನೋಡಿ.

ನಡುಕ ಇದೆ ಅಂದಮಾತ್ರಕ್ಕೆ ಕಾಂಕ್ರೀಟ್ ಪೂರ್ತಿ ದಟ್ಟವಾಯಿತು ಎಂದೂ ಅಲ್ಲ. ಹಗುರ ಬ್ಲೇಡಿನ ಕಂಪನ ಮೇಲಿನ ಕೆಲವೇ ಇಂಚಿಗೆ ತಲುಪುತ್ತದೆ. ದಪ್ಪ ಸ್ಲ್ಯಾಬ್, ತೊಲೆ, ಒತ್ತೊತ್ತಾದ ಕಂಬಿ ಇರುವ ಕಡೆ ಕಾಂಕ್ರೀಟಿನೊಳಗೆ ಇಳಿಸಿ ನಡುಗಿಸುವ ನೀಡಲ್ ವೈಬ್ರೇಟರ್ ಬೇಕೇ ಬೇಕು. ಅದನ್ನು ಮೊದಲು ಹಾಕಿ, ಆಮೇಲೆ ಸ್ಕ್ರೀಡ್ ಎಳೆಯಿರಿ.

ಇದೇ ಜಾತಿಯ ದೊಡ್ಡಣ್ಣ ಟ್ರಸ್ ಸ್ಕ್ರೀಡ್. ತ್ರಿಕೋನ ಚೌಕಟ್ಟಿನ ತುಂಡುಗಳನ್ನು ಜೋಡಿಸಿ 10 ಮೀಟರ್‌ಗೂ ಮೀರಿ ಉದ್ದ ಮಾಡಬಹುದು. ಎರಡು ಕಡೆಯ ಗಟ್ಟಿ ಹಳಿಗಳ ಮೇಲೆ ಕೂತು ವಿಂಚಿನಿಂದ ಎಳೆಯಲ್ಪಡುತ್ತದೆ. ರಸ್ತೆ, ಉದ್ದನೆಯ ಗೋದಾಮಿನ ಪಟ್ಟೆಗಳಿಗೆ ಹೇಳಿ ಮಾಡಿಸಿದ್ದು. ನಡುವೆ ಉಬ್ಬು ಬೇಕಾದರೆ ತಿರುಪಿನಿಂದ ಹೊಂದಿಸಿಕೊಳ್ಳಬಹುದು, ನೀರು ಎರಡೂ ಬದಿಗೆ ಹರಿಯಬೇಕಾದ ರಸ್ತೆಗೆ ಇದು ಅನುಕೂಲ. ಜೋಡಿಸಿ ದಾರ ಹಿಡಿದು ನೇರ ಮಾಡುವುದಕ್ಕೇ ಸಾಕಷ್ಟು ಹೊತ್ತು ಬೇಕು. ಸಣ್ಣ ಕೆಲಸಕ್ಕೆ ಸುಮ್ನೆ ತರಬೇಡಿ.

ಇನ್ನು, ಹಳೆ ಪಟ್ಟಿಗೆ ಕರೆಂಟಿನ ಡ್ರಿಲ್ಲೋ ಸ್ಯಾಂಡರೋ ಕಟ್ಟಿ ನಡುಗಿಸುವ ಪ್ರಯೋಗಗಳು. ಸಣ್ಣ ತುಂಡಿಗೆ ಕೆಲಸ ಮಾಡುತ್ತವೆ, ಒಪ್ಪುತ್ತೇನೆ. ಆದರೆ ಹಸಿ ಕಾಂಕ್ರೀಟು, ಒದ್ದೆ ಬೂಟು, ಲೋಹದ ಪಟ್ಟಿ, ಅದಕ್ಕೆ ಮೇನ್ಸ್ ವಯರು! ಮಾಡಲೇಬೇಕೆಂದಿದ್ದರೆ ಬ್ಯಾಟರಿಯದ್ದು ಬಳಸಿ.

ರೋಲರ್ ಸ್ಕ್ರೀಡ್

ಉಕ್ಕಿನ ಕೊಳವೆ ಎಳೆಯುವ ದಿಕ್ಕಿಗೆ ವಿರುದ್ಧವಾಗಿ ತಿರುಗುತ್ತಾ ಕಾಂಕ್ರೀಟನ್ನು ಮುಂದಕ್ಕೆ ದೂಡುತ್ತದೆ. ಕಂಪನವಿಲ್ಲ, ಹಾಗಾಗಿ ಇಳಿಜಾರಿನಲ್ಲಿ ಕಾಂಕ್ರೀಟ್ ಕೆಳಕ್ಕೆ ಹರಿಯುವುದಿಲ್ಲ. ರ‍್ಯಾಂಪು, ಚರಂಡಿಯ ಇಳುಕಲು, ನೀರು ಇಂಗಲು ಬಿಡುವ ರಂಧ್ರಭರಿತ ಕಾಂಕ್ರೀಟು ಇವಕ್ಕೆ ಇದೇ ಸೂಕ್ತ. ಗಟ್ಟಿ ಅಂಚುಗಳು ಬೇಕು, ಸ್ವಲ್ಪ ಬಿಗಿ ಹದ ಬೇಕು. ಇಳಿಜಾರಿನಲ್ಲಿ ಯಾವ ಉಪಕರಣ ಹಿಡಿದರೂ ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಬನ್ನಿ.

ಲೇಸರ್ ಸ್ಕ್ರೀಡ್

1980ರ ದಶಕದಲ್ಲಿ ಅಮೆರಿಕದ ಸೊಮೆರೊ ಸೋದರರು ತಂದ ಈ ಯಂತ್ರದಲ್ಲಿ ಹಳಿಯೇ ಇಲ್ಲ. ಚಾಚುವ ತೋಳಿನ ತುದಿಯ ಸ್ಕ್ರೀಡ್ ತಲೆಯ ಎರಡೂ ಕಡೆ ರಿಸೀವರ್‌ಗಳಿರುತ್ತವೆ. ಅವು ಲೇಸರ್ ಕಿರಣ ಹಿಡಿದು, ಸೆಕೆಂಡಿಗೆ ಹಲವು ಸಲ ತಲೆಯ ಎತ್ತರ ಸರಿಪಡಿಸುತ್ತವೆ. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಇದರ ಬೆಲೆ ಇರುವುದು ಬ್ಲೇಡಿನಲ್ಲಲ್ಲ, ಆಧಾರದಲ್ಲಿ.

ದೊಡ್ಡ ಗೋದಾಮು, ಕಾರ್ಖಾನೆ ನೆಲಗಳಿಗೆ ಎಫ್‌ಎಫ್, ಎಫ್‌ಎಲ್ ಎಂಬ ಅಂಕಿಗಳನ್ನು ಕರಾರಿನಲ್ಲೇ ಬರೆದಿರುತ್ತಾರೆ. ಮೊದಲನೆಯದು ಅಲೆಯ ಲೆಕ್ಕ, ಎರಡನೆಯದು ಎತ್ತರದ ಲೆಕ್ಕ. ಅಂಕಿ ದೊಡ್ಡದಾದಷ್ಟೂ ನೆಲ ಚೆನ್ನ. ಎಫ್‌ಎಫ್ 25 ಅಂದರೆ 3 ಮೀಟರ್ ಪಟ್ಟಿಯಡಿ ಸುಮಾರು 6 ಮಿಲಿಮೀಟರ್ ಸಂದು, 50 ಅಂದರೆ ಸುಮಾರು 3. ಎತ್ತರದ ಅಂಕಿ ಬಿಗಿಯಾಗಿದ್ದು ಜಾಗವೂ ದೊಡ್ಡದಿದ್ದರೆ ಲೇಸರ್ ಸ್ಕ್ರೀಡ್ ಬಾಡಿಗೆಗೆ ತರುವುದೇ ಲೆಕ್ಕಕ್ಕೆ ಸರಿ. ಆದರೆ ಇದರ ಹೊಟ್ಟೆ ದೊಡ್ಡದು. ಲಾರಿಗಳು ಒಂದರ ಹಿಂದೊಂದು ಬರುತ್ತಲೇ ಇರಬೇಕು. ಯಂತ್ರ ಓಡಾಡಲು ದಾರಿ ಬೇಕು, ಎತ್ತರಿಸಿ ಕಟ್ಟಿದ ಕಂಬಿ ಜಾಲದ ಮೇಲೆ ಚಕ್ರ ಹೋಗದು. ಮೇಲಂತಸ್ತಿನ ಸ್ಲ್ಯಾಬ್ ಅದರ ಭಾರ ತಡೆಯುತ್ತದೆಯೇ ಎಂದು ಎಂಜಿನಿಯರ್ ಹೇಳಬೇಕು. ಕಂಬಗಳ ಸುತ್ತ ಹೇಗೂ ಕೈಪಟ್ಟಿಯೇ ಗತಿ.

ಎಳೆದ ಮೇಲೆ: ಬುಲ್ ಫ್ಲೋಟ್ ಮತ್ತು ಉದ್ದಪಟ್ಟಿ

ಅಲೆಗಳ ತೊಂದರೆ ಇರುವವರು ಎಂಜಿನ್ ಕೊಳ್ಳುವ ಮೊದಲು ಇಲ್ಲಿ ನೋಡಿ. ಬುಲ್ ಫ್ಲೋಟ್ ಅಂದರೆ ಉದ್ದನೆಯ ಕೋಲಿಗೆ ಕಟ್ಟಿದ, ಒಂದು ಮೀಟರ್ ಆಸುಪಾಸು ಅಗಲದ ಹಲಗೆ. ಮೆಗ್ನೀಸಿಯಂದು ಒಳ್ಳೆಯದು. ಮರದ್ದು ಅಂಟಂಟಾದ ಕಾಂಕ್ರೀಟನ್ನು ಕಿತ್ತುಕೊಂಡು ಬರುತ್ತದೆ. ಉಕ್ಕಿನ ನುಣುಪು ಕರಣೆ ಈ ಹಂತದಲ್ಲಿ ಬೇಡವೇ ಬೇಡ, ಮೇಲ್ಮೈಯನ್ನು ಬೇಗ ಮುಚ್ಚಿಬಿಡುತ್ತದೆ. ಸ್ಕ್ರೀಡ್ ಎಳೆದ ದಿಕ್ಕಿಗೆ ಅಡ್ಡಲಾಗಿ ಓಡಿಸಿ. ದೂಡುವಾಗ ಮುಂದಿನ ಅಂಚು, ಎಳೆಯುವಾಗ ಹಿಂದಿನ ಅಂಚು ಸ್ವಲ್ಪ ಎತ್ತಿರಲಿ, ಇಲ್ಲದಿದ್ದರೆ ಅಗೆಯುತ್ತದೆ. ಕೋಲು ತಿರುಗಿಸಿದರೆ ಹಲಗೆ ಓರೆಯಾಗುವ ಗೇರಿನ ಮಾದರಿಗೆ ನಾಲ್ಕು ಕಾಸು ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಆದರೆ ಬುಲ್ ಫ್ಲೋಟ್ ಕಿರಿದು. ಉಬ್ಬಿನ ಮೇಲೆ ಹತ್ತಿ ತಗ್ಗಿಗೆ ಇಳಿದು ಹೋಗುತ್ತದೆ, ಅಲೆಯನ್ನು ನುಣುಪು ಮಾಡುತ್ತದೆಯೇ ಹೊರತು ತೆಗೆಯುವುದಿಲ್ಲ. ಅಲೆ ತೆಗೆಯುವುದು ಅದೇ ತರದ ಕೋಲಿಗೆ ಕಟ್ಟಿದ 2.5ರಿಂದ 3 ಮೀಟರ್ ಉದ್ದದ ಚೌಕ ಅಂಚಿನ ಪಟ್ಟಿ. ಬಂಪ್ ಕಟರ್ ಎಂದೂ ಕರೆಯುತ್ತಾರೆ. ಇದು ಉಬ್ಬನ್ನು ಕೊಯ್ದು ತಗ್ಗಿಗೆ ತುಂಬುತ್ತದೆ. ಕೈಯಿಂದ ಎಳೆದ ನೆಲಕ್ಕೆ ಇದನ್ನು ಎರಡು ದಿಕ್ಕಿನಲ್ಲಿ ಓಡಿಸಿದರೆ ಬರುವ ಗುಣಮಟ್ಟ, ಹಗುರ ವೈಬ್ರೇಟಿಂಗ್ ಸ್ಕ್ರೀಡ್ ಮಾತ್ರ ಬಳಸಿ ಬಿಟ್ಟ ನೆಲಕ್ಕಿಂತ ಮೇಲು ಎಂಬುದು ನನ್ನ ಅಭಿಪ್ರಾಯ.

ಎರಡಕ್ಕೂ ಸಮಯ ಒಂದೇ: ಮೇಲೆ ನೀರು ಜಿನುಗುವ ಮುಂಚೆ. ನೀರು ಕಂಡ ಮೇಲೆ ಕೈ ತಡೆಯಿರಿ, ಅದು ಆರಲಿ. ಆ ನೀರನ್ನು ಒಳಕ್ಕೆ ಉಜ್ಜಿದರೆ ಮೇಲ್ಪದರ ಮುಂದೆ ಹಕ್ಕಳೆ ಏಳುತ್ತದೆ. ಒಣ ಸಿಮೆಂಟ್ ಚಿಮುಕಿಸಿ ನೀರು ಹೀರಿಸುವ ಅಭ್ಯಾಸವನ್ನೂ ಬಿಡಿ.

ಹಾಗಾದರೆ ಯಾವುದು?

ಮನೆಯ ಕೋಣೆ, ಕಾಲುದಾರಿ, ಅಂಗಳದಂಥ ಸಣ್ಣ ತುಂಡುಗಳಿಗೆ ಅಲ್ಯೂಮಿನಿಯಂ ಪಟ್ಟಿ, ಗಟ್ಟಿ ಅಂಚುಹಲಗೆ, ಒಂದು ಬುಲ್ ಫ್ಲೋಟ್. ಇಷ್ಟೇ. ದಿನಕ್ಕೆ 100 ಚದರ ಮೀಟರ್ ಹತ್ತಿರ ಹಾಕುವ, ತಿಂಗಳಿಗೆ ಹಲವು ಸಲ ಹಾಕುವ ತಂಡವಾದರೆ ವೈಬ್ರೇಟಿಂಗ್ ಸ್ಕ್ರೀಡ್ ಜೊತೆಗೆ ತಿರುಗುವ ಲೇಸರ್. ಎರಡರಲ್ಲಿ ಒಂದನ್ನೇ ಕೊಳ್ಳಲು ಆಗುವುದಾದರೆ ಲೇಸರ್ ಕೊಳ್ಳಿ. 100 ಚದರ ಮೀಟರ್ ಮೇಲೆ ಸರಾಸರಿ 10 ಮಿಲಿಮೀಟರ್ ಎತ್ತರ ಜಾಸ್ತಿಯಾದರೆ ಒಂದು ಪೂರ್ತಿ ಘನ ಮೀಟರ್ ಕಾಂಕ್ರೀಟ್ ವ್ಯರ್ಥ, ಕಡಿಮೆಯಾದರೆ 100 ಮಿಲಿಮೀಟರ್ ಸ್ಲ್ಯಾಬಿನಲ್ಲಿ ಹತ್ತನೇ ಒಂದು ಭಾಗ ದಪ್ಪವೇ ಇಲ್ಲ. ಅದನ್ನು ತಡೆಯುವುದು ಎಂಜಿನ್ ಅಲ್ಲ.

ಬಾಡಿಗೆಗೆ ತರುವುದಾದರೆ ಲಾರಿ ಬರುವ ಮೊದಲೇ ಎಂಜಿನ್ ಚಾಲೂ ಮಾಡಿ ನೋಡಿ, ಬ್ಲೇಡನ್ನು ದಾರ ಹಿಡಿದು ಪರೀಕ್ಷಿಸಿ, ಬೋಲ್ಟ್‌ಗಳನ್ನು ಬಿಗಿ ಮಾಡಿ. ನಡುಗುವ ಯಂತ್ರದಲ್ಲಿ ಬೋಲ್ಟು ಸಡಿಲಾಗುವುದು ಮಾಮೂಲಿ. ರಬ್ಬರ್ ಬೂಟು, ಕೈಗವಸು ತಪ್ಪಿಸಬೇಡಿ, ಹಸಿ ಸಿಮೆಂಟ್ ತುಂಬಾ ಕ್ಷಾರ, ಚರ್ಮ ಸುಟ್ಟದ್ದು ತಕ್ಷಣ ಗೊತ್ತೇ ಆಗುವುದಿಲ್ಲ. ಮತ್ತೆ ಎಷ್ಟೇ ಒಳ್ಳೆಯ ಯಂತ್ರ ತಂದಿರಿ, ಅದೇ ಉದ್ದದ ಕೈಪಟ್ಟಿಯೊಂದನ್ನು ತೊಳೆದು ಪಕ್ಕದಲ್ಲೇ ಇಟ್ಟುಕೊಂಡಿರಿ. ಅರ್ಧ ಸುರಿದಾಗ ಎಂಜಿನ್ ಕೈಕೊಟ್ಟರೆ ಕಾಂಕ್ರೀಟ್ ಮೆಕ್ಯಾನಿಕ್ಕಿಗಾಗಿ ಕಾಯುವುದಿಲ್ಲ.